ನೀರಣ್ಣನ ಸ್ಯಾಂಪಲ್ಲು

ಲ್ಯಾಬಿನ ಬಚ್ಚಲುಮನೆಯ ಚಿಲಕ ನೆಟ್ಟಗಿದ್ದಿದ್ದರೆ ನೀರಣ್ಣನಿಗೆ ಈ ಗತಿ ಬರುತ್ತಿರಲಿಲ್ಲ. ಅವನು ಬೆಳಿಗ್ಗೆ ಬೇಗನೆ ಎದ್ದು, ಯಾರ ಕಣ್ಣಿಗೂ ಬೀಳದ ಹಾಗೆ ಸಂದಿಯಲ್ಲಿ ನಡೆದು, ಲ್ಯಾಬಿಗೆ ಹೋಗಿದ್ದ. ಕೌಂಟರಿನ ಹುಡುಗಿ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿಟ್ಟು ಬಚ್ಚಲುಮನೆ ತೋರಿಸಿದಳು. ಒಳಗೆ ಹೋಗಿ, ಕಣ್ಣು ಮುಚ್ಚಿ, ಇನ್ನೇನು ಮನಸ್ಸನ್ನು ಒಂದು ಕಡೆ ತಂದುಕೊಳ್ಳಬೇಕು ಅನ್ನುವಷ್ಟರಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ರಕ್ತಪರೀಕ್ಷೆಗೆ ಬಂದಿದ್ದ ಅಜ್ಜಿಯೊಬ್ಬರು, "ಕೈ ತೊಳ್ಕೋಬೇಕಿತ್ತಪ್ಪಾ, ನೀನು ನಿನ್ನ ಪಾಡಿಗಿರು" ಎನ್ನುತ್ತ ಒಳಗೇ ಬಂದುಬಿಟ್ಟರು. ಆಮೇಲೆ ನೀರಣ್ಣನ ಮನಸ್ಸು ಯಾವ ಕಡೆಗೂ ಬರಲಿಲ್ಲ.

"ಆಗ್ಲಿಲ್ವಾ? ಹಾಗಾದ್ರೆ ಮನೇಲೇ ತಗೊಂಡು ಬನ್ನಿ" ಎಂದಳು ಕೌಂಟರಿನ ಹುಡುಗಿ, ಮುಖ ಎತ್ತದೆ. "ತಡ ಮಾಡ್ಬೇಡಿ. ತಣ್ಣಗಾಗಬಾರದು, ಮೈಶಾಖದಲ್ಲೇ ಇರ್ಬೇಕು."

ಸಾಲಿನಲ್ಲಿ ಕೂತಿದ್ದವರೆಲ್ಲ ತನ್ನನ್ನೇ ನೋಡಿದ ಹಾಗಾಯಿತು ನೀರಣ್ಣನಿಗೆ. ನಿಜಕ್ಕೂ ಯಾರೂ ನೋಡಿರಲಿಲ್ಲ. ಆದರೆ ನಾಚಿಕೆಯವನಿಗೆ ಗೋಡೆಗೂ ಕಣ್ಣು ಕಾಣುತ್ತದೆ. ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಂಡು ಮನೆಯ ದಾರಿ ಹಿಡಿದ.

ಇಷ್ಟು ನಾಚಿಕೆಯ ಮನುಷ್ಯ ಮಾಡುತ್ತಿದ್ದ ಕೆಲಸವನ್ನು ಕೇಳಿದರೆ ನೀವು ನಗುತ್ತೀರಿ. ಊರಂಚಿನಲ್ಲೊಂದು ಕಾಂಡೋಮ್ ಕಾರ್ಖಾನೆಯಿತ್ತು. ಊರಿನವರು ಮರ್ಯಾದೆಗೆ ಅದನ್ನು 'ರಬ್ಬರ್ ಫ್ಯಾಕ್ಟರಿ' ಎನ್ನುತ್ತಿದ್ದರು, ಒಳಗಿನವರು ತಮ್ಮ ಸರಕನ್ನು ಬರೀ 'ಮಾಲು' ಎನ್ನುತ್ತಿದ್ದರು. ಒಂದೊಂದು ಬ್ಯಾಚಿನಿಂದ ಒಂದಷ್ಟು ಮಾಲನ್ನು ಆರಿಸಿ, ಅದಕ್ಕೆ ನೀರು ತುಂಬಿ, ಸಾಲಾಗಿ ತೂಗುಹಾಕಿ, ಎಲ್ಲಾದರೂ ಹನಿ ಜಿನುಗುತ್ತದೆಯೇ ಎಂದು ನೋಡುವುದು ನಮ್ಮವನ ಕೆಲಸ. ದಿನವಿಡೀ ನೀರು ತುಂಬಿ ತುಂಬಿ ಅವನಿಗೆ ನೀರಣ್ಣ ಎಂಬ ಹೆಸರು ಬಿತ್ತು. ಅವನು ಪಾಸು ಮಾಡಿದ ಬ್ಯಾಚಿನ ಬಗ್ಗೆ ಇವತ್ತಿನವರೆಗೆ ಒಂದೂ ದೂರು ಬಂದಿರಲಿಲ್ಲ. ಅದೊಂದೇ ಅವನ ಬದುಕಿನ ಹೆಮ್ಮೆ.

ಇನ್ನೊಂದು ಹೆಮ್ಮೆಗಾಗಿ ಗಂಡ ಹೆಂಡತಿ ಇಬ್ಬರೂ ಕಾದಿದ್ದರು. ಮದುವೆಯಾಗಿ ಐದು ವರ್ಷ. ಮೊದಲಿಗೆ ಸ್ವಂತ ಸೂರಾಗಲಿ ಎಂದು ತಡೆದರು. ಆಮೇಲೆ ತಡೆಯುವುದನ್ನು ಬಿಟ್ಟರು. ಬಿಟ್ಟು ಎರಡು ವರ್ಷವಾದರೂ ತೊಟ್ಟಿಲು ತೂಗುವ ಸೂಚನೆಯೇ ಇಲ್ಲ. ಹೆಂಡತಿ ಬಸ್ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಟಿಕೆಟ್ಟು ಹರಿಯುತ್ತ, ಯಾರದೋ ತೊಡೆಯ ಮೇಲಿದ್ದ ಕೂಸಿನ ಕೆನ್ನೆ ಮುಟ್ಟಿ ಮುಂದೆ ಹೋಗುತ್ತಿದ್ದಳು. ಕಾರ್ಖಾನೆಯವರು ಪ್ರತಿ ತಿಂಗಳು ಕೆಲಸಗಾರರಿಗೆ ಕೊಡುವ ಪುಕ್ಕಟೆ ಬಾಕ್ಸನ್ನು ಅವಳು ಒಯ್ದು ಡಿಪೋದ ಡ್ರೈವರುಗಳಿಗೆ ಹಂಚಿಬಿಡುತ್ತಿದ್ದಳು. ಕೊನೆಗೆ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಅವಳ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ, "ಇವರದ್ದೆಲ್ಲ ಸರಿಯಾಗಿದೆ. ಇನ್ನು ನಿಮ್ಮದೊಂದು ನೋಡೋಣ" ಎಂದಿದ್ದರು. ಅವತ್ತಿನಿಂದ ನೀರಣ್ಣನಿಗೆ ತಪ್ಪು ತನ್ನದೇ ಆಗಿದ್ದರೆ ಅವಳ ಮುಖ ಹೇಗೆ ನೋಡುವುದು ಎಂಬ ಒಂದೇ ಚಿಂತೆ.

ಮನೆಗೆ ಬಂದಾಗ ಹೆಂಡತಿ ಮೊದಲ ಬಸ್ಸಿಗೆ ಹೋಗಿಯಾಗಿತ್ತು. ಒಳ್ಳೆಯದೇ ಆಯಿತು ಅಂದುಕೊಂಡ. ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಶುದ್ಧವಾಗಿ ಮಾಡಬೇಕೆಂದು ನಾಲ್ಕು ತಂಬಿಗೆ ನೀರು ಸುರಿದುಕೊಳ್ಳಲು ಹೋದ. ಮುಂಬಾಗಿಲು ಹಾಕಲು ಮರೆತ. ಪಕ್ಕದ ಮನೆ ದೊಡ್ಡಮ್ಮನಿಗೆ ಹಾಕಿದ ಬಾಗಿಲೇ ಲೆಕ್ಕಕ್ಕಿಲ್ಲ, ಇನ್ನು ತೆರೆದ ಬಾಗಿಲು ಕೇಳಬೇಕೆ?

"ಸಕ್ಕರೆ ತಗೊಂಡೆ ಕಣಪ್ಪಾ!" ಎಂದು ಅಡುಗೆಮನೆಯಿಂದ ದನಿ ಬಂತು. "ಇಲ್ಲೊಂದು ಚೊಕ್ಕವಾದ ಡಬ್ಬಿ ಇತ್ತು, ಅದರಲ್ಲೇ ತಗೊಂಡು ಹೋಗ್ತಿದೀನಿ. ಸಂಜೆ ವಾಪಸ್ ಕೊಡ್ತೀನಿ."

"ದೊಡ್ಡಮ್ಮಾ, ಆ ಡಬ್ಬಿ ಬೇಡ!"

"ಯಾಕಪ್ಪಾ, ಏನಕ್ಕಿಟ್ಟಿದ್ಯೋ?"

ಏನಕ್ಕೆ ಎಂದು ಹೇಳುವುದು? ದೊಡ್ಡಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಹಿರಿಯಾಳು. ಅವರ ಕಿವಿಗೆ ಬಿದ್ದ ಮಾತು ಮಾಲಿನ ಪೆಟ್ಟಿಗೆಗಿಂತ ಮೊದಲು ಊರು ಮುಟ್ಟುತ್ತಿತ್ತು. "ಏನಿಲ್ಲ, ಇಟ್ಕೊಳ್ಳಿ" ಎಂದ ನೀರಣ್ಣ, ಟವೆಲು ಸುತ್ತಿಕೊಳ್ಳುತ್ತ.

ಈಗ ಡಬ್ಬಿಯಿಲ್ಲ. ಮನೆಯಲ್ಲಿದ್ದ ಲೋಟಗಳನ್ನೆಲ್ಲ ನೋಡಿದ. ಅವು ಬಾಯಿಗಿಟ್ಟು ಕುಡಿಯುವ ಲೋಟಗಳು, ಮನಸ್ಸು ಬರಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿದಾಗ ನಿನ್ನೆಯ ಬ್ಯಾಚಿನ ಒಂದು ಮಾಲು ಸಿಕ್ಕಿತು. ಪರೀಕ್ಷೆಯ ಮೇಜಿನವರ ಜೇಬಿನಲ್ಲಿ ಒಂದೋ ಎರಡೋ ಇದ್ದೇ ಇರುತ್ತವೆ. ನೀರಣ್ಣನ ಮುಖ ಅರಳಿತು. ಅಲ್ಲ, ಇದನ್ನು ಬಿಟ್ಟು ಪ್ಲಾಸ್ಟಿಕ್ ಡಬ್ಬಿ ನಂಬಿಕೊಂಡು ಹೊರಟಿದ್ದೆನಲ್ಲ! ಹನಿ ಸೋರದ, ಗಾಳಿ ಆಡದ, ಎದೆಗೆ ಒತ್ತಿಟ್ಟುಕೊಂಡರೆ ಮೈಶಾಖದಲ್ಲೇ ಇರುವ ಪಾತ್ರೆ ಈ ಲೋಕದಲ್ಲಿ ಇನ್ನೊಂದಿದೆಯೇ?

ಕೆಲಸ ಮುಗಿದ ಮೇಲೆ ಗಂಟು ಹಾಕಿದ. ಅಭ್ಯಾಸಬಲ ನೋಡಿ, ಬೆಳಕಿಗೆ ಹಿಡಿದು ಒಮ್ಮೆ ಒತ್ತಿದ, ಕಾಗದದ ಮೇಲೆ ಒಮ್ಮೆ ಉರುಳಿಸಿದ, "ಪಾಸು" ಎಂದುಕೊಂಡ. ಎದೆಯ ಹತ್ತಿರದ ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಓಡಿದ. ಇನ್ನೊಂದು ಡಬ್ಬಿ ಕೇಳಿ ಇಸಿದುಕೊಂಡು, ಚಿಲಕವಿಲ್ಲದ ಬಾಗಿಲಿಗೆ ಕಾಲು ಕೊಟ್ಟು ನಿಂತು, ಇದರಿಂದ ಅದಕ್ಕೆ ಸುರಿದು ಕೌಂಟರಿಗೆ ಕೊಟ್ಟ. ಹುಡುಗಿ ಏನೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ರಿಪೋರ್ಟು ತಂದ. ಕಾರ್ಖಾನೆಯ ಗೇಟು ದಾಟುವವರೆಗೆ ತೆರೆಯುವ ಧೈರ್ಯ ಬರಲಿಲ್ಲ. ನೀರು ತುಂಬಿ ತೂಗುಹಾಕಿದ್ದ ಸಾಲಿನ ಹಿಂದೆ ನಿಂತು ಬಿಡಿಸಿದ. ಒಂದು ಸಾಲಿನಲ್ಲಿ 'ಚಲನೆ: ಸೊನ್ನೆ' ಎಂದಿತ್ತು. ಅದರ ಕೆಳಗೆ 'ಜೀವಂತ: ಸೊನ್ನೆ' ಎಂದಿತ್ತು. ನೀರಣ್ಣನಿಗೆ ಅಳು ಬಂತು. ತನಗಾಗಿ ಅಲ್ಲ, ಬಸ್ಸಿನಲ್ಲಿ ಕೂಸುಗಳ ಕೆನ್ನೆ ಮುಟ್ಟುವ ಅವಳಿಗಾಗಿ.

"ಏನೋ ಅದು?" ಎಂದು ಹಿಂದಿನಿಂದ ಕಾಗದ ಕಿತ್ತುಕೊಂಡವನು ಮೇಸ್ತ್ರಿ. ಪರೀಕ್ಷೆಯ ವಿಭಾಗದ ಮೇಲ್ವಿಚಾರಕ, ನಾಲ್ಕು ಮಕ್ಕಳ ತಂದೆ, ಮನಸ್ಸು ಬೆಣ್ಣೆ, ಗಂಟಲು ತಮಟೆ. ಯಂತ್ರಗಳ ಸದ್ದಿನಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತವನು. ಕಾಗದವನ್ನು ದೂರಕ್ಕೆ ಹಿಡಿದು ಓದತೊಡಗಿದ. ಅದೇ ಗಳಿಗೆಯಲ್ಲಿ ಚಹಾದ ಗಂಟೆ ಹೊಡೆದು ಯಂತ್ರಗಳೆಲ್ಲ ನಿಂತವು.

"ಜೀವಂತ ಸೊನ್ನೆಯೇನೋ ನೀರಣ್ಣಾ!" ಎಂಬುದು ಇಡೀ ಶೆಡ್ಡಿಗೆ ಸ್ಪಷ್ಟವಾಗಿ ಕೇಳಿಸಿತು.

ಪ್ಯಾಕಿಂಗಿನಿಂದ ದೊಡ್ಡಮ್ಮ ಎದ್ದೇ ಬಂದರು. ಅವರ ಹಿಂದೆ ಇನ್ನಷ್ಟು ಹೆಂಗಸರು. "ಅಯ್ಯೋ ನನ್ನ ಕಂದಾ" ಎಂದು ದೊಡ್ಡಮ್ಮ ನೀರಣ್ಣನ ತಲೆ ಸವರಿದರು. "ನಂಗೆ ಯಾವತ್ತೋ ಅನ್ನಿಸಿತ್ತು. ಲೋಕದವರಿಗೆಲ್ಲ ಮಕ್ಕಳಾಗದ ಹಾಗೆ ಕಾವಲು ಕಾಯೋನಿಗೆ ಹುಟ್ಟಬೇಕಾದ ಕೂಸುಗಳ ಶಾಪ ತಟ್ಟದೆ ಇರತ್ತಾ?"

"ನೀವು ಪ್ಯಾಕ್ ಮಾಡಲ್ವಾ ದೊಡ್ಡಮ್ಮಾ? ನಿಮಗ್ಯಾಕೆ ತಟ್ಟಲಿಲ್ಲ?" ಎಂದ ಮೇಸ್ತ್ರಿ.

"ನಾನು ಸೇರೋ ಹೊತ್ತಿಗೆ ಮೂರು ಹೆತ್ತಾಗಿತ್ತಲ್ಲ" ಎಂದರು ದೊಡ್ಡಮ್ಮ.

ಒಬ್ಬಳು ಬಿಗಿ ಪ್ಯಾಂಟು ಬಿಡು ಎಂದಳು. ಇನ್ನೊಬ್ಬಳು ಸೈಕಲ್ಲು ಬಿಡು ಎಂದಳು. ಮತ್ತೊಬ್ಬಳು, ತನ್ನ ಓರಗಿತ್ತಿಯ ತಮ್ಮ ಬೆಳಗಿನ ಹೊತ್ತು ತಣ್ಣೀರಿನ ಬಕೆಟ್ಟಿನಲ್ಲಿ ಕೂತು ಅವಳಿ ಮಕ್ಕಳ ತಂದೆಯಾದ ಕತೆ ಹೇಳಿದಳು. ನೀರಣ್ಣ ಭೂಮಿ ಬಾಯಿ ಬಿಡಬಾರದೇ ಎಂದು ನಿಂತಿದ್ದ. ಚಹಾದ ಹೊತ್ತು ಮುಗಿದಾಗ ಸುದ್ದಿ ಗೇಟಿನಾಚೆ ಹೋಗಿಯೂ ಆಗಿತ್ತು.

ಮೇಸ್ತ್ರಿಗೆ ತನ್ನ ಗಂಟಲಿನ ಮೇಲೆ ತನಗೇ ಬೇಜಾರಾಯಿತು. ನೀರಣ್ಣನನ್ನು ಮೂಲೆಗೆ ಕರೆದ.

"ಲೋ, ಅಳಬೇಡ ಕಣೋ. ಆ ಲ್ಯಾಬೇ ಬೋಗಸ್ಸು. ನಾನು ಪ್ರೂವ್ ಮಾಡ್ತೀನಿ ನೋಡು. ನಾನು ನಾಲ್ಕು ಮಕ್ಕಳ ಅಪ್ಪ. ಈಗಲೇ ನನ್ನದೂ ಒಂದು ಸ್ಯಾಂಪಲ್ಲು ಕೊಟ್ಟು ಬರ್ತೀನಿ. ನನಗೂ ಸೊನ್ನೆ ಬರೆದ್ರೆ ಅವರ ಬೋರ್ಡೇ ಕಿತ್ತು ಹಾಕ್ತೀನಿ. ಹೇಗೆ ತಗೊಂಡೆ ಹೇಳು."

ನೀರಣ್ಣ ಪಿಸುಗುಟ್ಟಿದ. "ಅಷ್ಟೇನಾ? ಭೇಷಾದ ಐಡಿಯಾ" ಎಂದ ಮೇಸ್ತ್ರಿ. ಆ ಶೆಡ್ಡಿನಲ್ಲಿ ಮಾಲಿಗೇನು ಬರ? ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಹೋದವನು ಸ್ವಲ್ಪ ಹೊತ್ತಿಗೆ ಎದೆಯ ಜೇಬು ಒತ್ತಿಕೊಂಡು ಲ್ಯಾಬಿನ ಕಡೆ ಓಡಿದ. ಗೆಳೆತನಕ್ಕಾಗಿ ಜನ ರಕ್ತ ಕೊಟ್ಟದ್ದನ್ನು ಕೇಳಿದ್ದೇವೆ. ಮೇಸ್ತ್ರಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ.

ರಿಪೋರ್ಟು ಕೈಗೆ ಬಂದ ಮೇಲೆ ಮೇಸ್ತ್ರಿ ಹಿಂತಿರುಗಿ ಬಂದ ರೀತಿಯೇ ಬೇರೆ. ತಮಟೆಯ ಗಂಟಲು ಮೊದಲ ಸಲ ಪಿಸುಗುಟ್ಟಿತು.

"ಸೊನ್ನೆ ಕಣೋ."

"ನೋಡಿ ಮೇಸ್ತ್ರಿ, ಲ್ಯಾಬೇ ಬೋಗಸ್ಸು ಅಂದ್ರಲ್ಲ, ಹಾಗೇ ಆಯ್ತು!" ನೀರಣ್ಣನಿಗೆ ಹೋದ ಜೀವ ಬಂದ ಹಾಗಾಯಿತು.

ಮೇಸ್ತ್ರಿ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಬೋಗಸ್ ಅಲ್ಲದೆ ಇದ್ರೆ? ನಾಲ್ಕು ಮಕ್ಕಳು ಕಣೋ ನಂಗೆ" ಎಂದು ಸ್ಟೂಲಿನ ಮೇಲೆ ಕುಸಿದ. "ಮೂರನೆಯವನಿಗೆ ಗುಂಗುರು ಕೂದಲು. ನಮ್ಮ ಕಡೆ ಯಾರಿಗೂ ಇಲ್ಲ. ಅವರ ಕಡೆ ಯಾರಿಗೂ ಇಲ್ಲ. ಹುಟ್ಟಿದಾಗ ಎಲ್ಲರೂ ಚಂದ ಚಂದ ಅಂದ್ರು, ನಾನೂ ಚಂದ ಅಂದೆ. ಹಾಲು ಹಾಕೋನ ತಲೆ ನೋಡಿದೀಯೇನೋ ನೀನು?"

"ಅಣ್ಣಾ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಅತ್ತಿಗೆ ಅಂಥೋರಲ್ಲ."

"ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಮನೆಗೆ ಹೋಗಿ ಕೇಳೇಬಿಡ್ತೀನಿ" ಎಂದು ಮೇಸ್ತ್ರಿ ಎದ್ದು ನಿಂತ.

ನೀರಣ್ಣನಿಗೆ ತನ್ನ ಅಳಲು ಮರೆತೇಹೋಯಿತು. ಇವನು ಹೋಗಿ ಕೇಳಿದರೆ ಒಂದು ಸಂಸಾರ ಹಾಳು. ಎರಡೂ ಕೈಗಳಿಂದ ಮೇಸ್ತ್ರಿಯ ಸೊಂಟ ತಬ್ಬಿ ಹಿಡಿದ. ಮೇಸ್ತ್ರಿ ಅವನನ್ನೂ ಎಳೆದುಕೊಂಡೇ ಗೇಟಿನವರೆಗೆ ಹೋದ. "ಮೊದಲು ಡಾಕ್ಟರಮ್ಮನ್ನ ಕೇಳೋಣ, ಆಮೇಲೆ ಮನೆಗೆ ಹೋಗಿ, ಏನು ಬೇಕಾದ್ರೂ ಮಾಡಿ" ಎಂದು ಬೇಡಿಕೊಂಡು, ಅಂತೂ ದಾರಿ ತಿರುಗಿಸಿದ.

ಡಾಕ್ಟರಮ್ಮ ಎರಡೂ ಕಾಗದಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ನೋಡಿದರು. ಎದುರಿಗೆ ಕೂತ ಇಬ್ಬರನ್ನೂ ನೋಡಿದರು.

"ಇಬ್ಬರೂ ಒಂದೇ ಕಡೆ ಕೆಲಸ ಮಾಡ್ತೀರಾ?"

"ಹೌದು ಡಾಕ್ಟರಮ್ಮಾ."

"ಎಲ್ಲಿ?"

"ರಬ್ಬರ್ ಫ್ಯಾಕ್ಟರೀಲಿ."

"ಸ್ಯಾಂಪಲ್ಲು ಯಾವುದರಲ್ಲಿ ತಗೊಂಡ್ರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮಾಲಲ್ಲಿ" ಎಂದ ಮೇಸ್ತ್ರಿ ತಲೆ ತಗ್ಗಿಸಿ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು, ಮೇಜಿಗೆ ತಲೆಯಿಟ್ಟು ನಗತೊಡಗಿದರು. ನರ್ಸು ಏನಾಯಿತೋ ಎಂದು ಓಡಿ ಬಂದಳು.

"ಅಯ್ಯೋ ಪುಣ್ಯಾತ್ಮರಾ! ನಿಮ್ಮ ಮಾಲಿಗೆ ಒಳಗಡೆ ಏನೋ ಜಾರೋ ಔಷಧಿ ಹಚ್ತೀರಲ್ಲ, ಅದು ಯಾಕೆ ಅಂದುಕೊಂಡ್ರಿ? ವೀರ್ಯಾಣು ಕೊಲ್ಲೋದಕ್ಕೇ ಅದು ಇರೋದು. ಬರೀ ರಬ್ಬರಾದ್ರೂ ಅವಕ್ಕೆ ಒಗ್ಗಲ್ಲ, ಅಂಥದ್ದರಲ್ಲಿ ನೀವು ಔಷಧೀಲೇ ನೆನೆಸಿ ತಗೊಂಡು ಹೋಗಿದೀರಿ. ಇನ್ನೇನು ಜೀವಂತ ಇರತ್ತೆ? ಈ ರಿಪೋರ್ಟು ನಿಮ್ಮದಲ್ಲ, ನಿಮ್ಮ ಮಾಲಿಂದು. ಮೂರು ದಿನ ಬಿಟ್ಟು ಡಬ್ಬೀಲಿ ಕೊಡಿ."

ಮೇಸ್ತ್ರಿ ಎದ್ದು ನಿಂತು, ಕಾಯುತ್ತಿದ್ದ ರೋಗಿಗಳ ಕಡೆ ತಿರುಗಿ, "ನಾಲ್ಕೂ ನಂದೇ! ಗುಂಗುರುದೂ ನಂದೇ!" ಎಂದು ತನ್ನ ನಿಜವಾದ ಗಂಟಲಿನಲ್ಲಿ ಕೂಗಿದ. ನೀರಣ್ಣನ ಕಣ್ಣು ಒದ್ದೆಯಾಯಿತು. ತನಗೆ ಮಗು ಆಗುತ್ತದೆ ಎಂದು ಡಾಕ್ಟರಮ್ಮ ಹೇಳಿರಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲವಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಕಷ್ಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅವತ್ತು ಕಾರ್ಖಾನೆಗೆ ಖರೀದಿಯ ಮೇಡಂ ಬಂದಿದ್ದರು. ಊರೂರಿನ ಆಸ್ಪತ್ರೆಗಳಿಗೆ ಮಾಲು ಹಂಚುವ ದೊಡ್ಡ ಸಂಸ್ಥೆಯವರು. ಈ ಆರ್ಡರು ಸಿಗದಿದ್ದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ ಎಂದು ಮ್ಯಾನೇಜರು ವಾರದಿಂದ ಹೇಳುತ್ತಿದ್ದರು. ಮೇಡಂ ಸುಲಭದ ಆಸಾಮಿಯಲ್ಲ. ಮ್ಯಾನೇಜರು ನೂರಕ್ಕೆ ನೂರು ಗ್ಯಾರಂಟಿ ಎಂದರೆ, "ನೂರಕ್ಕೆ ನೂರು ಅಂತ ಯಾವ ಮಾಲೂ ಇಲ್ಲ. ಸರಿಯಾಗಿ ಬಳಸಿದ್ರೂ ಒಂದೆರಡು ತಪ್ಪತ್ತೆ. ನನಗೆ ಕತೆ ಹೇಳ್ಬೇಡಿ" ಎಂದುಬಿಟ್ಟರು.

ಸರಿಯಾಗಿ ಆಗಲೇ ಮೇಸ್ತ್ರಿ ನೀರಣ್ಣನನ್ನೂ ಎಳೆದುಕೊಂಡು ಒಳಗೆ ನುಗ್ಗಿದ. "ಸಾರ್! ನಮ್ಮ ಮಾಲು ಒಂದನ್ನೂ ಉಳಿಸಿಲ್ಲ ಸಾರ್! ಡಾಕ್ಟರಮ್ಮನೇ ಹೇಳಿದ್ರು! ಇಲ್ಲಿದೆ ನೋಡಿ ರಿಪೋರ್ಟು!"

ಮ್ಯಾನೇಜರು ಎರಡು ನಿಮಿಷದಲ್ಲಿ ಸಂಗತಿ ತಿಳಿದುಕೊಂಡರು. ಅವರ ಕಣ್ಣು ಮೇಸ್ತ್ರಿಯನ್ನು ಬಿಟ್ಟು ನೀರಣ್ಣನ ಮೇಲೆ ನಿಂತಿತು. ನಾಲ್ಕು ಮಕ್ಕಳ ತಂದೆಯಿಂದ ಏನು ಪ್ರಯೋಜನ? ನೀರಣ್ಣನ ಹೆಗಲ ಮೇಲೆ ಕೈ ಹಾಕಿ ಮೇಡಂ ಮುಂದೆ ನಿಲ್ಲಿಸಿದರು.

"ಮೇಡಂ, ಇವರು ನಮ್ಮ ಪರೀಕ್ಷಕರು. ಮನೇಲೂ ನಮ್ಮ ಮಾಲು ಬಿಟ್ಟು ಬೇರೆ ಮುಟ್ಟಿದವರಲ್ಲ. ಮದುವೆಯಾಗಿ ಐದು ವರ್ಷ. ಒಂದು ಮಗು? ಕೇಳಿ ನೋಡಿ. ಒಂದೇ ಒಂದು ಮಗು ಇಲ್ಲ!"

ಐದು ವರ್ಷದ ಸಂಕಟವನ್ನು ಹೀಗೆ ಬಹುಮಾನದ ಹಾಗೆ ಎತ್ತಿ ತೋರಿಸಿದ್ದು ನೀರಣ್ಣನ ಎದೆಗೆ ಚುಚ್ಚಿತು. ಇಲ್ಲ ಸಾರ್, ನಾವು ಬಳಸುವುದನ್ನು ಬಿಟ್ಟು ಎರಡು ವರ್ಷವಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದ. ಮ್ಯಾನೇಜರು ಹೆಗಲನ್ನು ಗಟ್ಟಿಯಾಗಿ ಒತ್ತಿದರು. ಬಾಗಿಲಲ್ಲಿ ಪ್ಯಾಕಿಂಗಿನವರೆಲ್ಲ ನಿಂತಿದ್ದರು, ಮುಂದೆ ದೊಡ್ಡಮ್ಮ ಕೈ ಮುಗಿದು ನಿಂತಿದ್ದರು. ಅರ್ಧ ಜನರ ಅನ್ನ.

"ಹೌದೇನ್ರಿ?" ಎಂದರು ಮೇಡಂ.

ನೀರಣ್ಣ ಹೌದೆಂದು ತಲೆ ಅಲ್ಲಾಡಿಸಿದ.

"ಗಂಡಸರು ಹೇಳೋದನ್ನ ನಾನು ಅರ್ಧ ಮಾತ್ರ ನಂಬೋದು" ಎಂದರು ಮೇಡಂ. "ಇವರ ಮನೆಯವರ ಬಾಯಿಂದ ಕೇಳಿದ್ರೆ ಇವತ್ತೇ ಸೈನ್ ಮಾಡ್ತೀನಿ."

"ಅದಕ್ಕೇನಂತೆ! ಸಂಜೆ ನೀವು ಹೋಗೋ ದಾರೀಲೇ ಇವರ ಮನೆ" ಎಂದರು ಮ್ಯಾನೇಜರು. ನೀರಣ್ಣನ ಕಿವಿಯಲ್ಲಿ, "ನಾಳೆಯಿಂದ ನೀವು ಹಿರಿಯ ಪರೀಕ್ಷಕರು. ಮನೆಯವರಿಗೆ ಒಂದು ಮಾತು ಹೇಳಿಡಿ" ಎಂದರು.

ನೀರಣ್ಣ ಓಡೋಡಿ ಮನೆಗೆ ಬಂದ. ಹೆಂಡತಿ ಖಾಕಿ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದಳು.

"ರೀ, ಮಧ್ಯಾಹ್ನದ ಟ್ರಿಪ್ಪಲ್ಲಿ ಒಬ್ಬ ಪ್ಯಾಸೆಂಜರು ಟಿಕೆಟ್ ತಗೊಳ್ತಾ, 'ನಿಮ್ಮ ಯಜಮಾನರದ್ದು ಸೊನ್ನೆಯಂತಲ್ಲಮ್ಮಾ, ಪಾಪ' ಅಂದ. ನೀವು ನಂಗೆ ಹೇಳೋ ಮೊದಲು ಬಸ್ಸಿಗೆ ಹೇಳಿದ್ರಾ?"

"ಅದು ಸುಳ್ಳು ರಿಪೋರ್ಟು ಕಣೇ, ಮಾಲಿನ ಔಷಧಿಯಿಂದ ಹಾಗಾಗಿದ್ದು..."

"ಸುಳ್ಳು ಅಂತ ನಂಗೆ ಆವಾಗಲೇ ಗೊತ್ತಾಯ್ತು" ಎಂದಳು ಹೆಂಡತಿ. ದನಿ ಮೆತ್ತಗಾಯಿತು. "ಯಾಕೋ ಅನುಮಾನ ಇತ್ತು, ಬೆಳಿಗ್ಗೆ ಡಿಪೋ ಹತ್ತಿರದ ಅಂಗಡೀಲಿ ಬಸಿರು ನೋಡೋ ಪಟ್ಟಿ ತಗೊಂಡು ನೋಡಿದೆ. ಎರಡು ಗೆರೆ ಬಂತು. ಒಂದು ಕಡೆ ನನ್ನ ಜೇಬಲ್ಲಿ ಎರಡು ಗೆರೆ, ಇನ್ನೊಂದು ಕಡೆ ಆ ಪುಣ್ಯಾತ್ಮ ಸೊನ್ನೆ ಅಂತಿದಾನೆ. ನಗು ತಡೆಯೋಕಾಗದೆ ಅವನಿಗೆ ಚಿಲ್ಲರೆ ಜಾಸ್ತಿ ಕೊಟ್ಟುಬಿಟ್ಟೆ. ನಾನು ಎಂಥೋಳು ಅಂತ ನಂಗೆ ಗೊತ್ತಲ್ವಾ ರೀ. ನಮ್ಮ ಮನೆಗೆ ಕೂಸು ಬರ್ತಿದೆ."

ನೀರಣ್ಣ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಅವಳ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಎರಡು ವರ್ಷದಲ್ಲಿ ಅವನಿಗೆ ಇಷ್ಟು ಖುಷಿಯಾದದ್ದೇ ಇಲ್ಲ. ಅವಳೂ ಅಳುತ್ತ ನಗುತ್ತ ಅವನ ಪಕ್ಕ ಕೂತಳು.

ಆಗ ರಸ್ತೆಯ ತಿರುವಿನಲ್ಲಿ ಜೀಪಿನ ಹಾರ್ನು ಕೇಳಿಸಿತು. ನೀರಣ್ಣ ದಡಬಡಿಸಿ ಎದ್ದ.

"ಲೇ, ಕೇಳು, ಹೇಳೋಕೆ ಟೈಮಿಲ್ಲ. ಈಗ ಒಬ್ಬರು ಮೇಡಂ ಬರ್ತಾರೆ. ಏನು ಕೇಳಿದ್ರೂ ಹೌದು ಅನ್ನು. ಅರ್ಧ ಫ್ಯಾಕ್ಟರಿಯ ಅನ್ನದ ಪ್ರಶ್ನೆ."

"ಏನು ಕೇಳ್ತಾರೆ?"

ಅಷ್ಟರಲ್ಲಿ ಮ್ಯಾನೇಜರು, ಮೇಡಂ, ಅವರ ಹಿಂದೆ ಮೇಸ್ತ್ರಿ, ದೊಡ್ಡಮ್ಮ, ಪ್ಯಾಕಿಂಗಿನ ಅರ್ಧ ಜನ ಬಂದೇ ಬಿಟ್ಟರು. ಇದ್ದ ಎರಡು ಕುರ್ಚಿಯಲ್ಲಿ ಮೇಡಂ ಮತ್ತು ಮ್ಯಾನೇಜರು ಕೂತರು. ಉಳಿದವರು ಕಿಟಕಿಗೆ ಜೋತುಬಿದ್ದರು.

"ನೋಡಮ್ಮಾ, ಸಂಕೋಚ ಪಡ್ಬೇಡ" ಎಂದರು ಮೇಡಂ. "ನೀವು ಮನೇಲಿ ಬಳಸೋದು ಈ ಫ್ಯಾಕ್ಟರಿಯ ಮಾಲೇನಾ?"

ಹೆಂಡತಿ ಗಂಡನ ಮುಖ ನೋಡಿದಳು. "ಹೌದು."

"ಬೇರೆ ಏನೂ ಇಲ್ಲ?"

"ಹೌದು."

ಮ್ಯಾನೇಜರು ನೀರಣ್ಣನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಅದಕ್ಕೇ ಇಷ್ಟು ವರ್ಷ ಆದ್ರೂ ಮಗು ಆಗಿಲ್ಲ. ಸರಿ ತಾನೆ?"

ನೀರಣ್ಣ ಹೌದು ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಉಳಿದದ್ದಕ್ಕೆಲ್ಲ ಹೌದು ಅಂದೆ ಮೇಡಂ. ಇದೊಂದಕ್ಕೆ ಮಾತ್ರ ಅನ್ನಲ್ಲ" ಎಂದಳು, ಬಸ್ಸಿನ ಕೊನೇ ಸೀಟಿಗೆ ಕೇಳಿಸುವ ದನಿಯಲ್ಲಿ. "ಎರಡು ವರ್ಷ ಹಂಬಲಿಸಿದೀನಿ. ಇವತ್ತು ಗೊತ್ತಾಗಿದೆ. ಹೊಟ್ಟೇಲಿರೋದನ್ನ ಇಲ್ಲ ಅಂತ ನಾನು ಬಾಯಿಮಾತಿಗೂ ಹೇಳಲ್ಲ."

ಮೊದಲು ಬಾಯಿ ಬಂದದ್ದು ದೊಡ್ಡಮ್ಮನಿಗೆ.

"ಒಳ್ಳೇದಾಯ್ತು ಕಣಮ್ಮಾ, ತುಂಬಾ ಸಂತೋಷ" ಎಂದವರು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸುವ ಅಭ್ಯಾಸ ಅವರಿಗಿಲ್ಲ. "ಅಲ್ಲಪ್ಪಾ ನೀರಣ್ಣಾ, ಮನೇಲಿ ನಮ್ಮ ಮಾಲೇ ಅಂತ ನೀನೂ ತಲೆ ಅಲ್ಲಾಡಿಸಿದೆ, ಇವಳೂ ಈಗ ಹೌದು ಅಂದ್ಲು. ಮಗು ನಿಂದಾದ್ರೆ ನಮ್ಮ ಮಾಲು ಎಂಥದು? ಮಾಲು ಒಳ್ಳೇದಾದ್ರೆ ಮಗು..."

ಅವರು ಮಾತು ಪೂರ್ತಿ ಮಾಡಲಿಲ್ಲ. ಕಿಟಕಿಯಲ್ಲಿದ್ದವರೆಲ್ಲ ತಂತಮ್ಮ ಮನಸ್ಸಿನಲ್ಲೇ ಮಾಡಿಕೊಂಡರು. ಮೇಸ್ತ್ರಿ ಕೂಡ ಒಂದು ಗಳಿಗೆ ನೆಲ ನೋಡಿದ.

"ನಾವು ಬಳಸೋದು ಬಿಟ್ಟು ಎರಡು ವರ್ಷ ಆಯ್ತು ದೊಡ್ಡಮ್ಮಾ!" ಎಂದ ನೀರಣ್ಣ.

"ಹಂಗಂತ ಈಗ ಹೇಳ್ತೀಯ. ತಿಂಗಳು ತಿಂಗಳು ನಿನ್ನ ಕೈಗೆ ಬಾಕ್ಸು ಕೊಟ್ಟೋಳು ನಾನೇ ಅಲ್ವೇನಪ್ಪಾ? ಬಳಸದೆ ಇದ್ರೆ ಯಾಕೆ ಇಸ್ಕೊಳ್ತಿದ್ದೆ?"

ಯಾರೋ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಮ್ಯಾನೇಜರು ಹಲ್ಲು ಕಚ್ಚಿಕೊಂಡು, "ಮಾಲಿನ ಬಗ್ಗೆ ಯೋಚನೆ ಮಾಡಿ ಮಾತಾಡಿ" ಎಂದರು. ನೀರಣ್ಣ ಹೆಂಡತಿಯನ್ನು ನೋಡಿದ. ಇಡೀ ದಿನ ಬಸ್ಸಿನ ತುಂಬ ಜನರನ್ನು ಗದರಿಸುವವಳು ಈಗ ಕಣ್ಣು ತುಂಬಿಕೊಂಡು ಅವನೊಬ್ಬನನ್ನೇ ನೋಡುತ್ತಿದ್ದಳು. ನೀರಣ್ಣನಿಗೆ ನಾಚಿಕೆ, ಹೆದರಿಕೆ, ಹಿರಿಯ ಪರೀಕ್ಷಕನ ಪದವಿ ಎಲ್ಲವೂ ಒಟ್ಟಿಗೆ ಬಿಟ್ಟುಹೋದವು.

"ಮಗು ನಂದು!" ಎಂದು ಕೂಗಿದ, ಮೇಸ್ತ್ರಿಯೇ ಬೆಚ್ಚಿಬೀಳುವ ಹಾಗೆ. "ಮಾಲು ಸೋರ್ತು! ನಾನೇ ನೀರು ತುಂಬಿ, ನಾನೇ ಪಾಸು ಮಾಡಿದ ಮಾಲು ಸೋರ್ತು! ಏನೀಗ?"

ಹೆಂಡತಿ ಬಂದು ಅವನ ತೋಳು ಹಿಡಿದು ನಿಂತಳು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರು.

ಮೇಡಂ ಕನ್ನಡಕ ಸರಿಮಾಡಿಕೊಂಡು, ಬರೆದುಕೊಳ್ಳಲು ಪೆನ್ನನ್ನು ಕಾಗದದ ಮೇಲಿಟ್ಟು ಕೇಳಿದರು.

"ಯಾವ ಬ್ಯಾಚು?"